ಒಡೆಯನ ಹೆಸರಿಲ್ಲದ ಡಿಸ್ಕು

ವಠಾರದಲ್ಲಿ ಬಾಳಿದವರಿಗೆ ಇದನ್ನು ಹೇಳಬೇಕಾಗಿಲ್ಲ: ಬಾವಿ ಎಲ್ಲರದು, ಅಡುಗೆಮನೆ ಅವರವರದು. ಗಣಕಯಂತ್ರದ ಚರಿತ್ರೆಯಲ್ಲಿಯೂ ಇದೇ ನ್ಯಾಯ ನಡೆದುಬಂದಿದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲವದು. ಆದ್ದರಿಂದ ಬರಬರುತ್ತ ಪ್ರತಿ ಕಡತಕ್ಕೂ ಒಡೆಯ, ಗುಂಪು, ಉಳಿದವರು ಎಂಬ ಮೂರು ವರ್ಗಗಳು ಏರ್ಪಟ್ಟವು. ಓದುವುದು, ಬರೆಯುವುದು, ನಡೆಸುವುದು ಎಂಬ ಮೂರು ಅಪ್ಪಣೆಗಳಿಗೆ 4, 2, 1 ಎಂಬ ಅಂಕಿಗಳು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿಗೂ ಈ ಕಟ್ಟಳೆಯೇ ಬಂತು.

1977ರಲ್ಲಿ ಮೈಕ್ರೋಸಾಫ್ಟಿನಲ್ಲಿ ಹುಟ್ಟಿದ ಫ್ಯಾಟ್ ಪದ್ಧತಿಯಾದರೋ ಒಬ್ಬನೇ ಕುಳಿತು ಬಳಸುವ ಯಂತ್ರದ್ದು. ಅದರಲ್ಲಿ ಒಡೆಯನ ಹೆಸರು ಬರೆಯಲು ಅಂಕಣವೇ ಇಲ್ಲ. ಅಂಥ ವಿಭಾಗವನ್ನು ಲಿನಕ್ಸಿಗೆ ಜೋಡಿಸುವಾಗ, ಅಂದರೆ ಮೌಂಟ್ ಮಾಡುವಾಗ, ಒಡೆಯನಾರೆಂದು ನಾವೇ ಹೇಳಬೇಕು. ಹೇಳದಿದ್ದರೆ ಜೋಡಿಸಿದವನೇ ಒಡೆಯ.

ಈ ಪ್ರಶ್ನೆ ನಮ್ಮ ಚೆನ್ನೈ ಮನೆಗಳಿಗೂ ಬಂತು. ಇಲ್ಲಿನ ಸಿಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದ ಮೇಲೆ ರೂಪಿಸಿದ ಬಾಸ್ ಲಿನಕ್ಸ್ 2007ರಲ್ಲಿ ಹೊರಬಂದಿತು. 2011ರಿಂದ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಹಂಚಿದ ಹಲವು ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್, ಬಾಸ್ ಎರಡೂ ಇದ್ದವು. ಮಗುವಿಗೆ ಬಂದ ಯಂತ್ರ ಮನೆಮಂದಿಗೆಲ್ಲ ಆಯಿತು.

ಅಂಥದೊಂದರಲ್ಲಿ ನಾವು ಸಂಘದ ಹಳೆಯ ನಾಟಕಗಳ ಭಾವಚಿತ್ರಗಳನ್ನು ಕೂಡಿಟ್ಟಿದ್ದೆವು. ಎರಡೂ ವ್ಯವಸ್ಥೆಗಳಿಗೆ ಒಗ್ಗಲೆಂದು ಫ್ಯಾಟ್ ವಿಭಾಗದಲ್ಲಿಟ್ಟೆವು. ಯಂತ್ರ ಏಳುವಾಗ ಅದನ್ನು ಜೋಡಿಸುತ್ತಿದ್ದವನು ಮೇಲ್ವಿಚಾರಕನಾದ ರೂಟ್. ನಮಗೆ ಓದಲು ಮಾತ್ರ ಅಪ್ಪಣೆ. ಬೇಸತ್ತು, ಜೋಡಣೆಯ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ‘ಯುಮಾಸ್ಕ್ 000’ ಎಂದು ಬರೆದೆವು. ಎಲ್ಲರಿಗೂ ಎಲ್ಲವೂ ತೆರೆಯಿತು. ಒಂದು ಸಂಜೆ ಆಟಕ್ಕೆ ಜಾಗ ಸಾಲದೆಂದು ಮಗು ಆ ಚಿತ್ರಗಳನ್ನು ಅಳಿಸಿಹಾಕಿತು. ಕೆಲವು ಚಿತ್ರಗಳ ಮೂಲಪ್ರತಿ ಇಂದು ಯಾರ ಬಳಿಯೂ ಇಲ್ಲ. ತಪ್ಪು ಮಗುವಿನದಲ್ಲ, ಬಾಗಿಲು ತೆರೆದಿಟ್ಟ ನಮ್ಮದು.

ಯುಮಾಸ್ಕ್ ಹೇಳುವುದು ಕೊಡುವ ಅಪ್ಪಣೆಯನ್ನಲ್ಲ, ತಡೆಯುವ ಅಪ್ಪಣೆಯನ್ನು. ‘ಯುಐಡಿ 1000, ಯುಮಾಸ್ಕ್ 027’ ಎಂದು ಬರೆದು, ಜಿಐಡಿಯಲ್ಲಿ ಮನೆಯವರ ಗುಂಪಿನ ಸಂಖ್ಯೆ ಕೊಟ್ಟರೆ ಸಾಕಿತ್ತು. ಡೆಬಿಯನ್ ಕುಲದಲ್ಲಿ 1000 ಎಂಬುದು ಮೊದಲ ಬಳಕೆದಾರನ ಸಂಖ್ಯೆ. ಅವನಿಗೆ 0, ತಡೆಯಿಲ್ಲ. ಗುಂಪಿಗೆ 2, ಬರೆಯುವಂತಿಲ್ಲ. ಉಳಿದವರಿಗೆ 7, ಏನೂ ಇಲ್ಲ. ಮಗುವಿಗೆ ಬೇರೆ ಖಾತೆಯೂ ಬೇಕು. ಈ ಕಟ್ಟಳೆ ಇಡೀ ವಿಭಾಗಕ್ಕೆ ಒಂದೇ. ಕಡತ ಕಡತಕ್ಕೂ ಬೇರೆ ಅಪ್ಪಣೆ ಬೇಕೆಂದರೆ ಲಿನಕ್ಸಿನದೇ ಆದ ಎಕ್ಸ್ಟ್4 ವಿಭಾಗ ಲೇಸು. ಅದು ಒಡೆಯನ ಸಂಖ್ಯೆಯನ್ನು ತನ್ನಲ್ಲೇ ಬರೆದಿಟ್ಟುಕೊಳ್ಳುತ್ತದೆ.

ಆದರೂ ವಾಚಕರು ಒಂದನ್ನು ಮರೆಯಬಾರದು. ಫ್ಯಾಟ್ ವಿಭಾಗಕ್ಕೆ ವಿಂಡೋಸ್ ಕಡೆಯಿಂದ ಬಂದವರಿಗೆ ಈ ಬೀಗ ಕಾಣುವುದೇ ಇಲ್ಲ. ಊರು ಬಿಟ್ಟು ಬಂದ ನಮಗೆ ಹಳೆಯ ಚಿತ್ರಗಳೇ ಆಸ್ತಿ. ಬೀಗ ಹಾಕಿ; ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಯೂ ಇಡಿ.