ಅಣುತ್ಯಾಜ್ಯದ ಗಾಜೀಕರಣ: ಒಂದು ಸಮೀಕ್ಷೆ

2012ರ ಕೊನೆಯ ತಿಂಗಳುಗಳಲ್ಲಿ, ಕೂಡಂಕುಳಂ ಸ್ಥಾವರದ ತ್ಯಾಜ್ಯವನ್ನು ಕೋಲಾರದ ಚಿನ್ನದ ಗಣಿಗಳಲ್ಲಿ ಹೂಳಲಾಗುವುದೆಂಬ ಸುದ್ದಿ ಹಬ್ಬಿ ಆ ಪ್ರಾಂತದ ಜನ ಬೀದಿಗಿಳಿದಾಗ, ಅಂಥ ಯೋಜನೆ ಯಾವುದೂ ಇಲ್ಲವೆಂದು ಅಣುಶಕ್ತಿ ಇಲಾಖೆ ಸಾರಿತಾದರೂ, ಆ ಗಣಿಗೂ ಈ ವಿಷಯಕ್ಕೂ ನಿಜವಾಗಿ ಇದ್ದ ಸಂಬಂಧವೇನೆಂಬುದನ್ನು ಬಿಡಿಸಿ ಹೇಳುವ ವ್ಯವಧಾನ ಯಾರಿಗೂ ಇದ್ದಂತೆ ತೋರಲಿಲ್ಲ. ಅಣುತ್ಯಾಜ್ಯದ ಮಾತೆದ್ದೊಡನೆ ಎಲ್ಲಿ ಹೂಳುವರೆಂಬ ಪ್ರಶ್ನೆಯೊಂದೇ ನಮ್ಮ ಪತ್ರಿಕೆಗಳಲ್ಲಿ ಮೊಳಗುತ್ತದೆ. ಯಾವ ರೂಪದಲ್ಲಿ ಹೂಳುವರೆಂಬ, ಅದಕ್ಕಿಂತ ಹಿರಿದಾದ ಪ್ರಶ್ನೆಯನ್ನು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಗೆ ಆಯುಷ್ಯವನ್ನು ತೆತ್ತವರ ಸಾಧನೆ ಕನ್ನಡದಲ್ಲಿ ಸರಿಯಾಗಿ ದಾಖಲಾಗದಿರುವುದೇ ಈ ಲೇಖನಕ್ಕೆ ಕಾರಣ.

ರಿಯಾಕ್ಟರಿನಲ್ಲಿ ಉರಿದು ಮುಗಿದ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಪ್ರತ್ಯೇಕಿಸಿಕೊಂಡ ಮೇಲೆ ಉಳಿಯುವ ಆಮ್ಲದ್ರವದಲ್ಲಿಯೇ ವಿದಳನದಿಂದ ಜನಿಸಿದ ವಿಕಿರಣಶೀಲತೆಯ ಬಹುಪಾಲು ನೆಲೆಸಿರುತ್ತದೆ. ಅದರಲ್ಲಿರತಕ್ಕ ಸೀಸಿಯಂ-137, ಸ್ಟ್ರಾನ್ಷಿಯಂ-90 ಎಂಬಿವುಗಳ ಅರ್ಧಾಯುಷ್ಯ ಸುಮಾರು 30 ವರ್ಷ. ಕೆಲವು ಭಾರಧಾತುಗಳದ್ದು ಸಾವಿರಾರು ವರ್ಷ. ಆ ದ್ರವ ತನ್ನಷ್ಟಕ್ಕೆ ತಾನೇ ಕಾಯುತ್ತಿರುವುದರಿಂದ ಅದನ್ನು ಸದಾ ತಣ್ಣಗಿಡಬೇಕು; ತೊಟ್ಟಿ ಎಷ್ಟೇ ಗಟ್ಟಿಯಾಗಿದ್ದರೂ ದ್ರವವು ದ್ರವವೇ.

ಯುದ್ಧಕಾಲದ ಅಮೆರಿಕ ಈ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹ್ಯಾನ್‌ಫರ್ಡ್‌ನಲ್ಲಿ ಅಗ್ಗದ ಉಕ್ಕಿನ ತೊಟ್ಟಿಗಳು ಸವೆಯದಿರಲೆಂದು ದ್ರವಕ್ಕೆ ಕ್ಷಾರ ಬೆರೆಸಿದ್ದರಿಂದ ಅದರ ಗಾತ್ರ ಹೆಚ್ಚಿತು, ತಳದಲ್ಲಿ ಕೆಸರು ಕಟ್ಟಿತು; ಅಲ್ಲಿಯ 177 ತೊಟ್ಟಿಗಳಲ್ಲಿ ಹಲವು ಸೋರಿದುವು. ಸೋವಿಯತ್ ಒಕ್ಕೂಟದ ಮಯಾಕ್‌ನಲ್ಲಿ ತಂಪು ಮಾಡುವ ವ್ಯವಸ್ಥೆ ಕೆಟ್ಟ ತೊಟ್ಟಿಯೊಂದು 1957ರ ಸೆಪ್ಟೆಂಬರ್ 29ರಂದು ಸ್ಫೋಟಿಸಿತು. ದ್ರವವನ್ನು ಘನರೂಪಕ್ಕೆ ತರಬೇಕೆಂಬ ಯೋಚನೆ ಆಗ ಹೊಸದೇನಲ್ಲ; ಅದನ್ನು ಜೇಡಿಮಣ್ಣಿನಲ್ಲಿ ಹೀರಿಸುವ ಸೂಚನೆ 1950ರ ದಶಕದ ಆದಿಯಲ್ಲಿಯೇ ಬಂದಿತ್ತು. ಕೆನಡದ ಚಾಕ್ ರಿವರ್‌ನಲ್ಲಿ ನೆಫೆಲೀನ್ ಸಯನೈಟ್ ಶಿಲೆಯೊಡನೆ ತ್ಯಾಜ್ಯವನ್ನು ಕರಗಿಸಿ ಮಾಡಿದ ಗಾಜಿನ ಗಟ್ಟಿಗಳನ್ನು ಒದ್ದೆ ಮರಳಿನಲ್ಲಿಯೇ ಹೂತು ಪರೀಕ್ಷಿಸಿದರು. ಫ್ರಾನ್ಸಿನ ಮಾರ್ಕೂಲ್‌ನಲ್ಲಿ 1978ರಲ್ಲಿ ಔದ್ಯಮಿಕ ಪ್ರಮಾಣದ ನಿರಂತರ ಗಾಜೀಕರಣ, ಎಂದರೆ ತ್ಯಾಜ್ಯವನ್ನು ಕರಗಿದ ಗಾಜಿನಲ್ಲಿ ಬೆರೆಸಿ ಗಟ್ಟಿಗೊಳಿಸುವ ಕೆಲಸ, ಆರಂಭವಾಯಿತು. ಅದೇ ಸುಮಾರಿಗೆ ಆಸ್ಟ್ರೇಲಿಯದ ರಿಂಗ್‌ವುಡ್ ಪ್ರತಿಪಾದಿಸಿದ, ತ್ಯಾಜ್ಯವನ್ನು ಸ್ಫಟಿಕಗಳಲ್ಲಿ ಹಿಡಿದಿಡುವ ಸಿನ್‌ರಾಕ್ ಎಂಬ ಕೃತಕ ಶಿಲೆ ಖನಿಜವಿಜ್ಞಾನದ ದೃಷ್ಟಿಯಿಂದ ಮನೋಹರವಾದುದು. ಆದರೆ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುವ ತ್ಯಾಜ್ಯವನ್ನು ಬಲ್ಲವರು ಗಾಜಿನ ಕಡೆಗೇ ಒಲಿದರು, ಅದು ಸರಿಯಾದ ಒಲವೆಂದೇ ನನ್ನ ಅಭಿಪ್ರಾಯ. ಸ್ಫಟಿಕದಲ್ಲಿ ಪ್ರತಿ ಪರಮಾಣುವಿಗೂ ಗೊತ್ತಾದ ಸ್ಥಾನವುಂಟು. ಗಾಜಿನ ಜಾಲದಲ್ಲಿ ಆ ಕಟ್ಟುಪಾಡಿಲ್ಲದಿರುವುದರಿಂದ ಹಲವು ಹತ್ತು ಧಾತುಗಳಿಗೆ ಏಕಕಾಲದಲ್ಲಿ ಎಡೆ ದೊರೆಯುತ್ತದೆ. ಬೋರಾನ್ ಸೇರಿಸಿದರೆ ಗಾಜು ಕಡಿಮೆ ಉಷ್ಣತೆಯಲ್ಲಿ ಕರಗುವುದರಿಂದ ಸೀಸಿಯಂ, ರುಥೇನಿಯಂಗಳು ಆವಿಯಾಗಿ ಹಾರಿಹೋಗುವುದೂ ತಗ್ಗುತ್ತದೆ.

ಭಾರತದಲ್ಲಿ ಮೊದಲ ಗಾಜೀಕರಣ ಸ್ಥಾವರ 1980ರ ದಶಕದ ಮಧ್ಯಭಾಗದಲ್ಲಿ ತಾರಾಪುರದಲ್ಲಿ ನೆಲೆಗೊಂಡಿತು. ಆಗ ಈ ವಿದ್ಯೆ ಕೈವಶವಾಗಿದ್ದ ದೇಶಗಳು ಬೆರಳೆಣಿಕೆಯವು. ದಪ್ಪ ಕಾಂಕ್ರೀಟ್ ಗೋಡೆಯ ಹಾಟ್ ಸೆಲ್‌ನೊಳಗೆ, ಸೀಸಗಾಜಿನ ಹಳದಿ ಕಿಟಕಿಯ ಈಚೆ ನಿಂತು, ಮ್ಯಾನಿಪ್ಯುಲೇಟರ್‌ನ ಲೋಹದ ಕೈಗಳಿಂದ ನಡೆಸತಕ್ಕ ಕೆಲಸವಿದು. ಇನ್‌ಕೊನೆಲ್ ಲೋಹದ ಪಾತ್ರೆಗೆ ದ್ರವವನ್ನೂ ಗಾಜಿನ ಸಾಮಗ್ರಿಯನ್ನೂ ಬಿಟ್ಟು, ನೀರಾರಿಸಿ, ನೈಟ್ರೇಟುಗಳನ್ನು ಆಕ್ಸೈಡುಗಳಾಗಿಸಿ, ಸುಮಾರು 950 ಡಿಗ್ರಿಯಲ್ಲಿ ಕರಗಿಸಿ, ಪಾಕ ಹದಗೊಳ್ಳುವವರೆಗೆ ಹಲವು ಗಂಟೆ ಹಾಗೆಯೇ ಇರಿಸುತ್ತಾರೆ. ಪಾತ್ರೆಯ ತಳದ ನಳಿಕೆಗೆ ತಿರುಪಿನ ಕವಾಟವಿಲ್ಲ: ಅಲ್ಲಿ ಹೆಪ್ಪುಗಟ್ಟಿ ನಿಂತ ಗಾಜೇ ಬಿರಟೆ, ಆ ಭಾಗವನ್ನಷ್ಟೇ ಕಾಯಿಸಿದಾಗ ಬಿರಟೆ ಕರಗಿ, ಕೆಂಪಗೆ ಹೊಳೆಯುವ ಎಳೆ ಕೆಳಗಿನ ಉಕ್ಕಿನ ಕ್ಯಾನಿಸ್ಟರಿಗೆ ಇಳಿಯುತ್ತದೆ. ಮುಚ್ಚಳ ಬೆಸೆದು ಹೊರಗವಚ ತೊಡಿಸಿದ ಕ್ಯಾನಿಸ್ಟರುಗಳು ತಾರಾಪುರದ ಸಂಗ್ರಹಾಗಾರದಲ್ಲಿ ಇರುವುವು. ಅವುಗಳ ಶಾಖದಿಂದಲೇ ಬಿಸಿಯಾದ ಗಾಳಿ ಚಿಮಣಿಯಲ್ಲಿ ಮೇಲೇರುವುದರಿಂದ ಅಲ್ಲಿ ಫ್ಯಾನಿನ ಅವಲಂಬನೆಯಿಲ್ಲ, ಕರೆಂಟು ಹೋಗುವ ಭಯವಿಲ್ಲ.

ನಮ್ಮ ತಲೆಮಾರಿನವರನ್ನು ನಿಜವಾಗಿ ಪರೀಕ್ಷಿಸಿದ್ದು ಟ್ರಾಂಬೆಯ ಹಳೆಯ ತ್ಯಾಜ್ಯ. ಅಲ್ಲಿಯ ಮರುಸಂಸ್ಕರಣ ಸ್ಥಾವರ ಪ್ಲುಟೋನಿಯಂ ಬೇರ್ಪಡಿಸಲು ಫೆರಸ್ ಸಲ್ಫಮೇಟನ್ನು ಬಳಸುತ್ತಿತ್ತು. ಅದು ಒಡೆದು ಉಳಿಯುವ ಸಲ್ಫೇಟು ಮುಂದೆ ಗಾಜಿಗೆ ವಿಘ್ನವಾದೀತೆಂದು 1960ರ ದಶಕದಲ್ಲಿ ಯಾರೂ ಎಣಿಸಿರಲಿಲ್ಲ. ಸಾಮಾನ್ಯ ಸೋಡಿಯಂ ಬೋರೋಸಿಲಿಕೇಟ್ ಗಾಜು ಶೇಕಡಾ 1ರ ಸುಮಾರಿಗಿಂತ ಹೆಚ್ಚು ಸಲ್ಫೇಟನ್ನು ಒಳಗೊಳ್ಳದು. ವಿಕಿರಣವಿಲ್ಲದ ಮಾದರಿ ದ್ರವದಿಂದ ಎರಕ ಹೊಯ್ದು ಮೂಸೆಯನ್ನು ತಣಿಸಿ ನೋಡಿದರೆ, ಹಾಲಿನ ಮೇಲೆ ಕೆನೆ ಕಟ್ಟುವಂತೆ ಗಾಜಿನ ಮೇಲೆ ಹಳದಿ ಪದರವೊಂದು ಕಟ್ಟಿರುತ್ತಿತ್ತು. ಆ ಪದರ ನೀರಿನಲ್ಲಿ ಸಲೀಸಾಗಿ ಕರಗತಕ್ಕದ್ದು. ಸೀಸಿಯಮ್ಮನ್ನು ತನ್ನತ್ತ ಸೆಳೆದುಕೊಳ್ಳತಕ್ಕದ್ದು. ಪಾತ್ರೆಯ ಲೋಹವನ್ನು ಕೊರೆಯತಕ್ಕದ್ದು. ತ್ಯಾಜ್ಯದ ಪ್ರಮಾಣವನ್ನು ಇಳಿಸಿ ಗಾಜನ್ನು ಹೆಚ್ಚಿಸಿದರೆ ಪದರ ಮಾಯವಾಗುತ್ತಿತ್ತು, ಆದರೆ ಕ್ಯಾನಿಸ್ಟರುಗಳ ಸಂಖ್ಯೆ ಬೆಳೆಯುತ್ತಿತ್ತು. ಭಾಭಾ ಅಣು ಸಂಶೋಧನಾ ಕೇಂದ್ರದ ರಸಾಯನಜ್ಞರು ಗಾಜಿನ ಸಂಯೋಜನೆಯನ್ನೇ ಬದಲಿಸಿ, ಬೇರಿಯಂ ಆಕ್ಸೈಡನ್ನು ಬೆರೆಸಿ, ಸಲ್ಫೇಟಿಗೆ ಗಾಜಿನೊಳಗೇ ಎಡೆ ಮಾಡಿಕೊಟ್ಟರು. ಟ್ರಾಂಬೆಯ ಗಾಜೀಕರಣ ಸ್ಥಾವರದಲ್ಲಿ ನಿಜವಾದ ತ್ಯಾಜ್ಯದೊಡನೆ ನಿಂತು ಗೆದ್ದ ಈ ಬೇರಿಯಂ ಬೋರೋಸಿಲಿಕೇಟ್ ಗಾಜು, ಹೊರಗಿನ ಪಾಠವನ್ನು ಒಪ್ಪಿಸಿ ಗಳಿಸಿದ್ದಲ್ಲ, ನಮ್ಮ ತೊಟ್ಟಿಯ ದ್ರವ ನಮ್ಮಿಂದ ಕೇಳಿ ಪಡೆದ ಉತ್ತರ; ನಮ್ಮ ಅಣುವಿಜ್ಞಾನದ ಚರಿತ್ರೆಗಳು ರಿಯಾಕ್ಟರುಗಳಿಗೆ ಅಧ್ಯಾಯಗಳನ್ನು ಮೀಸಲಿಟ್ಟು ಇದನ್ನು ಒಂದು ವಾಕ್ಯದಲ್ಲಿ ದಾಟಿಬಿಡುವುದು ಅನ್ಯಾಯ.

ಈಚಿನ ಜನ ತ್ಯಾಜ್ಯವನ್ನು ಗಾಜು ಮಾಡುವ ಮುನ್ನವೇ ಸೋಸತೊಡಗಿದ್ದಾರೆ. ಬೇರ್ಪಡಿಸಿದ ಸೀಸಿಯಮ್ಮನ್ನು ಗಾಜಿನ ಪೆನ್ಸಿಲುಗಳಾಗಿಸಿ ರಕ್ತವನ್ನು ವಿಕಿರಣಕ್ಕೊಡ್ಡುವ ಯಂತ್ರಗಳಿಗೂ, ರುಥೇನಿಯಮ್ಮನ್ನು ಕಣ್ಣಿನ ಕ್ಯಾನ್ಸರಿನ ಚಿಕಿತ್ಸೆಗೂ ಒದಗಿಸುತ್ತಿದ್ದಾರೆ. ಸ್ತುತ್ಯವಾದ ಕಾರ್ಯ, ಆದರೂ ಇದರಿಂದ ಗಾಜಿನ ಅಗತ್ಯವೇ ತೀರಿತೆಂದು ಹೇಳುವವರು ಆತುರಪಡುತ್ತಿದ್ದಾರೆ.

ಇನ್ನು ಕೋಲಾರ. 1980ರ ದಶಕದಲ್ಲಿ, ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು 1000 ಮೀಟರ್ ಆಳದ ಆಂಫಿಬೊಲೈಟ್ ಶಿಲೆಯಲ್ಲಿ ಕೋಣೆ ಕೊರೆದು, ಕ್ಯಾನಿಸ್ಟರಿನ ಶಾಖವನ್ನು ಅನುಕರಿಸುವ ವಿದ್ಯುತ್ ಹೀಟರುಗಳನ್ನಿಟ್ಟು, ಬಂಡೆ ಹೇಗೆ ಕಾಯುತ್ತದೆ, ಹೇಗೆ ಹಿಗ್ಗುತ್ತದೆ, ಎಲ್ಲಿ ಒತ್ತಡ ಕಟ್ಟುತ್ತದೆ ಎಂಬುದನ್ನು ವರ್ಷಗಟ್ಟಲೆ ಅಳೆದರು. ಅಲ್ಲಿ ಇಳಿಸಿದ್ದು ಹೀಟರು, ಅಳತೆಯ ಉಪಕರಣ, ತ್ಯಾಜ್ಯವಲ್ಲ. ಬಿಸಿಯಾದ ಬಂಡೆಯ ಬಗೆಗೆ ನಮ್ಮ ನೆಲದಿಂದಲೇ ದೊರೆತ ಅಮೂಲ್ಯ ಮಾಹಿತಿ ಅದು. 2001ರಲ್ಲಿ ಗಣಿ ಮುಚ್ಚಿತು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ಏರಿತು. ಆ ಪ್ರಯೋಗ ಬಂಡೆಯದಾಗಿತ್ತು, ಗಾಜಿನದಲ್ಲ. ನಮ್ಮ ಗಾಜಿನ ಬಾಳಿಕೆಯ ವಿಷಯದಲ್ಲಿ ನಾವು ಬಲ್ಲದ್ದರ ಬಹುಭಾಗ, ಪ್ರಯೋಗಶಾಲೆಯಲ್ಲಿ ಕುದಿಯುವ ಶುದ್ಧಜಲದಲ್ಲಿ ಮಾದರಿಗಳನ್ನಿಟ್ಟು ತಿಳಿದದ್ದು. ಬೇರಿಯಂ ಗಾಜಿನ ವಿಕಿರಣರಹಿತ ತುಂಡುಗಳನ್ನು ಅಂಥದೇ ಆಳದಲ್ಲಿ, ಶಿಲೆಯ ಸಂದುಗಳಲ್ಲಿ ಹರಿಯುವ ನೀರಿನಲ್ಲಿಯೇ ದಶಕಗಳ ಕಾಲ ಇರಿಸಿ, ಐದು ವರ್ಷಕ್ಕೊಮ್ಮೆ ಹೊರತೆಗೆದು ಅವುಗಳ ಮೈ ಎಷ್ಟು ಸವೆದಿದೆಯೆಂದು ಅಳೆಯುವುದಕ್ಕೆ, ನೆಲದಡಿಯಲ್ಲಿ ಒಂದು ಸ್ಥಿರವಾದ ಪ್ರಯೋಗಶಾಲೆ ಬೇಕು. ಅದಕ್ಕೆ ತ್ಯಾಜ್ಯದ ಒಂದು ಹನಿಯನ್ನೂ ಇಳಿಸಬೇಕಾಗಿಲ್ಲ.