ಏಲಕ್ಕಿಯ ಹೂವು, ತುಡುವೆಯ ಪೆಟ್ಟಿಗೆ: ಕನ್ನಡ ನಾಡಿನ ಜೇನುಸಾಕಣೆಯ ಕಥೆ

ಯಾನ್ಬುವಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಗಹ್ವಾ ಹೊಸತಲ್ಲ. ಖರ್ಜೂರದ ತಟ್ಟೆಯೊಡನೆ ಬರುವ ಆ ಕಿರುಬಟ್ಟಲಿನಲ್ಲಿ ಕಾಫಿಗಿಂತ ಮೊದಲು ಮೂಗಿಗೆ ತಾಗುವುದು ಏಲಕ್ಕಿಯ ಕಂಪು. 2015ರಲ್ಲಿ ಯುನೆಸ್ಕೋ ಮಾನ್ಯತೆ ಪಡೆದ ಈ ಪಾನೀಯದಲ್ಲಿ ಎರಡು ನಾಡುಗಳ ಸಸ್ಯಗಳು ಕೂಡಿವೆ. ಕೆಂಪು ಸಮುದ್ರದ ದಡದ ಯೆಮನ್‌ನಿಂದ ಬಾಬಾಬುಡನ್ ಕಾಫಿ ಬೀಜಗಳನ್ನು ಚಿಕ್ಕಮಗಳೂರಿನ ಬೆಟ್ಟಗಳಿಗೆ ತಂದರೆಂಬುದು ಐತಿಹ್ಯ. ಏಲಕ್ಕಿಯಾದರೋ ನಮ್ಮ ಪಶ್ಚಿಮ ಘಟ್ಟದ ಕಾಡಿನ ನೆರಳಲ್ಲಿ ಹುಟ್ಟಿದ ಗಿಡ. ಇಂದು ಇಲ್ಲಿನ ಅಂಗಡಿಗಳಲ್ಲಿ ಗ್ವಾಟೆಮಾಲಾದ ಏಲಕ್ಕಿಯೇ ಹೆಚ್ಚಾಗಿದ್ದರೂ ಅದರ ತವರು ಘಟ್ಟವೇ.

ಏಲಕ್ಕಿಯ ಒಂದೊಂದು ಕಾಯಿಯ ಹಿಂದೆಯೂ ಒಂದು ಜೇನುನೊಣದ ದುಡಿಮೆ ಇದೆ. ಆದರೂ ಜೇನುಸಾಕಣೆಯೆಂದೊಡನೆ ನಮಗೆ ನೆನಪಾಗುವುದು ತುಪ್ಪದ ಬಾಟಲಿ ಮಾತ್ರ. ಅದೇ ನೊಣ ತೋಟಕ್ಕೆ ಮಾಡುವ ಉಪಕಾರ ಲೆಕ್ಕಕ್ಕೆ ಬಂದುದು ಬಹಳ ತಡವಾಗಿ. ಆ ತಡವಾದ ಅರಿವಿನ ಇತಿಹಾಸವನ್ನು ಈ ಸಂಚಿಕೆಯಲ್ಲಿ ಸದಸ್ಯ ಕುಟುಂಬಗಳ ಮುಂದಿಡಲು ಬಯಸುತ್ತೇವೆ.

ಮನುಷ್ಯನ ಕೈ, ನೊಣದ ಕಾಲು

ನಮ್ಮ ಊರಿನ ಒಳನಾಡಿನಲ್ಲಿರುವ ಯಾನ್ಬು ಅಲ್ ನಖ್ಲ್ ಹೆಸರಿನಲ್ಲಿಯೇ ಖರ್ಜೂರವನ್ನು ಹೊತ್ತ ಓಯಸಿಸ್. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಯನ್ನೇ ನೆಚ್ಚಿಕೊಂಡರೆ ಫಸಲು ಅನಿಶ್ಚಿತ. ಗಂಡು ಮರಗಳನ್ನು ಹೆಚ್ಚು ನೆಟ್ಟರೆ ನೀರು ವ್ಯರ್ಥ. ಆದ್ದರಿಂದ ಸಾವಿರಾರು ವರ್ಷಗಳಿಂದ ಈ ಭಾಗದ ರೈತರು ತಾವೇ ಮರವೇರಿ, ಗಂಡು ಹೂವಿನ ಎಳೆಗಳನ್ನು ಹೆಣ್ಣು ಹೊಂಬಾಳೆಯ ನಡುವೆ ಇರಿಸುತ್ತ ಬಂದಿದ್ದಾರೆ. ಖರ್ಜೂರದ ಈ ಕೃಷಿಜ್ಞಾನವನ್ನು ಯುನೆಸ್ಕೋ 2019ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಪರಾಗಸ್ಪರ್ಶವೆಂಬುದು ಕೃಷಿಯ ಒಂದು ಕೆಲಸ, ಅದನ್ನು ಯಾರಾದರೂ ಮಾಡಲೇಬೇಕು ಎಂಬ ತಿಳಿವು ಮರುಭೂಮಿಯ ರೈತನಿಗೆ ಬಹು ಹಿಂದೆಯೇ ಇತ್ತು.

ಮಲೆನಾಡಿನ ರೈತನಿಗೆ ಆ ಚಿಂತೆ ಬರಲಿಲ್ಲ. ಕಾಡು ಬೇಲಿಯ ಆಚೆಗೇ ಇತ್ತು. ನೊಣಗಳು ಕರೆಯದೆಯೇ ಬರುತ್ತಿದ್ದವು. ಪುಕ್ಕಟೆಯಾಗಿ ದೊರೆತ ಸೇವೆಗೆ ಲೆಕ್ಕವಿಡುವವರು ಯಾರು?

ಡಬ್ಬಿಗೆ ಒಲಿದ ತುಡುವೆ

ಕನ್ನಡ ನಾಡಿನಲ್ಲಿ ಜೇನು ಹಲವು ಬಗೆ. ಎತ್ತರದ ಮರ, ಬಂಡೆಗಳಿಗೆ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನು. ಪೊದೆಯ ಕೊಂಬೆಯಲ್ಲಿ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು. ಗೋಡೆಯ ಸಂದಿನಲ್ಲಿರುವ, ಚುಚ್ಚದ ಮುಜಂಟಿ. ಮರದ ಪೊಟರೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆ. ಹೆಜ್ಜೇನು ಬಯಲಲ್ಲಿ ಬಾಳುವ ಜೀವಿ, ಪೆಟ್ಟಿಗೆಗೆ ಒಗ್ಗುವುದಿಲ್ಲ. ಕತ್ತಲ ಪೊಟರೆಗೆ ಒಗ್ಗಿದ ತುಡುವೆಯನ್ನು ಮಾತ್ರ ಮನೆಯಂಗಳಕ್ಕೆ ತರಲು ಸಾಧ್ಯವಾಯಿತು. ಜೇನುಕುರುಬರು ಹೆಸರಿನಲ್ಲಿಯೇ ಈ ಕೀಟದ ನಂಟನ್ನು ಉಳಿಸಿಕೊಂಡಿದ್ದಾರೆ.

ಎರಿಗಳನ್ನು ಒಡೆಯದೆ ಹೊರತೆಗೆಯಬಲ್ಲ ಚೌಕಟ್ಟಿನ ಪೆಟ್ಟಿಗೆಯ ಸೂತ್ರವನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಕಂಡುಕೊಂಡರು. ಆದರೆ ಆ ಪೆಟ್ಟಿಗೆ ನಮ್ಮ ಪುಟ್ಟ ತುಡುವೆಗೆ ತೀರ ದೊಡ್ಡದು. 1910ರ ದಶಕದಲ್ಲಿ ದಕ್ಷಿಣ ಭಾರತದಲ್ಲಿದ್ದ ಪಾದ್ರಿ ನ್ಯೂಟನ್ ಅವರು ತುಡುವೆಯ ಅಳತೆಗೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿ ಹಳ್ಳಿಗರಿಗೆ ತರಬೇತಿ ನೀಡಿದರು. ಅವರ ಹೆಸರಿನ ಪೆಟ್ಟಿಗೆ ಇಂದಿಗೂ ದಕ್ಷಿಣದಲ್ಲಿ ಬಳಕೆಯಲ್ಲಿದೆ. 1934ರಲ್ಲಿ ಗಾಂಧೀಜಿಯವರು ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಆರಂಭಿಸಿದಾಗ ಜೇನುಸಾಕಣೆಗೂ ಗ್ರಾಮೋದ್ಯೋಗದ ಗೌರವ ಬಂದಿತು. 1936ರಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಜೇನು ಕೃಷಿಕರ ಸಹಕಾರ ಸಂಘ ಹುಟ್ಟಿತು. ದಕ್ಷಿಣ ಕನ್ನಡದ ಪುತ್ತೂರಿನಲ್ಲಿಯೂ ಅಂಥದೇ ಸಂಘ ಬೆಳೆಯಿತು. ತಲಕಾವೇರಿಯ ತಪ್ಪಲಿನ ಭಾಗಮಂಡಲ ಜೇನುಸಾಕಣೆಗೆ ಹೆಸರಾಯಿತು. 'ಕೊಡಗಿನ ಜೇನು' ಎಂಬ ಮಾತೇ ಶುದ್ಧತೆಗೆ ಪರ್ಯಾಯವಾದ ಕಾಲವದು.

ಈ ಸಹಕಾರ ಚಳವಳಿಯ ಸಾಧನೆ ದೊಡ್ಡದು. ಆದರೆ ಅದರ ಲೆಕ್ಕಪುಸ್ತಕದಲ್ಲಿ ಒಂದು ಅಂಕಣ ಮಾತ್ರ ಇತ್ತು: ತುಪ್ಪ. ಪೆಟ್ಟಿಗೆಯ ಪಕ್ಕದ ತೋಟದಲ್ಲಿ ಎಷ್ಟು ಹೂವು ಕಾಯಿಕಟ್ಟಿತು ಎಂಬುದಕ್ಕೆ ಅಂಕಣವಿರಲಿಲ್ಲ.

ಹೂವಿನ ಒಳಗಿನ ಕಟ್ಟಳೆ

ಹೂವಿನ ಬಣ್ಣ, ಮಕರಂದಗಳೆಲ್ಲ ಕೀಟಗಳನ್ನು ಕರೆಯುವ ಏರ್ಪಾಡು ಎಂದು ಜರ್ಮನಿಯ ಸ್ಪ್ರೆಂಗೆಲ್ 1793ರಷ್ಟು ಹಿಂದೆಯೇ ಬರೆದಿದ್ದರು. ನಮ್ಮ ಬೆಳೆಗಳನ್ನು ಆ ಕಣ್ಣಿನಿಂದ ನೋಡಿದಾಗ ಒಂದೊಂದರ ಕಟ್ಟಳೆ ಒಂದೊಂದು ಬಗೆಯಾಗಿ ಕಂಡಿತು. ಏಲಕ್ಕಿಯ ಹೂವು ಬೆಳಗಿನ ಜಾವ ಅರಳಿ ಒಂದೇ ದಿನ ಬಾಳುತ್ತದೆ. ಅದರ ಶಲಾಕಾಗ್ರ ಪರಾಗಕೋಶಕ್ಕಿಂತ ಮೇಲಿರುವುದರಿಂದ ತನ್ನದೇ ಪರಾಗವೂ ತಾನಾಗಿ ತಲುಪದು. ನೊಣ ಬಾರದಿದ್ದರೆ ಹೂವು ಉದುರುತ್ತದೆ. ಕಾಫಿಯಲ್ಲಿ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿಕಟ್ಟಬಲ್ಲುದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೂಮಳೆಯ ಬಳಿಕ ತೋಟವಿಡೀ ಬೆಳ್ಳಗಾಗುವ ಆ ಕೆಲವೇ ದಿನಗಳಲ್ಲಿ ಹೆಜ್ಜೇನು, ತುಡುವೆ, ಮುಜಂಟಿಗಳು ದುಡಿಯಬೇಕು. ಹಿತ್ತಿಲಿನ ಸೌತೆ, ಕುಂಬಳಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಎಲ್ಲಕ್ಕೂ ಜೇನೇ ಬೇಕೆಂದಲ್ಲ. ಅಡಿಕೆಯ ಪರಾಗವನ್ನು ಒಯ್ಯುವುದು ಮುಖ್ಯವಾಗಿ ಗಾಳಿ, ತುಡುವೆ ಅಲ್ಲಿಂದ ತನ್ನ ಆಹಾರಕ್ಕೆ ಪರಾಗವನ್ನು ಒಯ್ಯುತ್ತದೆ.

ಬಯಲುಸೀಮೆಗೆ ಈ ಪಾಠವನ್ನು ಕಲಿಸಿದ್ದು ಸೂರ್ಯಕಾಂತಿ. 1969ರಲ್ಲಿ ಸೋವಿಯತ್ ದೇಶದಿಂದ ಭಾರತಕ್ಕೆ ಎಣ್ಣೆಬೆಳೆಯಾಗಿ ಬಂದ ಇದು ಕರ್ನಾಟಕದಲ್ಲಿ ವಿಶೇಷವಾಗಿ ಹಬ್ಬಿತು. ಆದರೆ ತೆನೆ ದೊಡ್ಡದಾಗಿದ್ದರೂ ನಡುವೆ ಜೊಳ್ಳು ಉಳಿಯುತ್ತಿತ್ತು. ಸೂರ್ಯಕಾಂತಿಯ ಒಂದು ತೆನೆಯೆಂದರೆ ನೂರಾರು ಕಿರುಹೂಗಳ ಗುಂಪು. ಅವು ಹೊರಸುತ್ತಿನಿಂದ ಒಳಸುತ್ತಿಗೆ ಹಲವು ದಿನಗಳಲ್ಲಿ ಅರಳುತ್ತವೆ. ಪ್ರತಿ ಕಿರುಹೂ ಮೊದಲು ಪರಾಗವನ್ನು ಹೊರಗೆಡವಿ, ಆ ಮೇಲೆ ಶಲಾಕಾಗ್ರವನ್ನು ತೆರೆಯುತ್ತದೆ. ನೊಣಗಳು ಸಾಲದಾದಾಗ ರೈತರು ಮೆತ್ತನೆಯ ಬಟ್ಟೆಯಿಂದ ತೆನೆಗಳನ್ನು ಸವರಬೇಕಾಯಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿ.ಎಸ್.ಎಚ್.-1 ಎಂಬ ಸಂಕರಣ ತಳಿಯನ್ನು ಹೊರತಂದ ಮೇಲಂತೂ ಜೇನಿನ ಬೆಲೆ ಸ್ಪಷ್ಟವಾಯಿತು. ಸಂಕರಣ ಬೀಜೋತ್ಪಾದನೆಯಲ್ಲಿ ಹೆಣ್ಣು ಸಾಲಿನ ಗಿಡಗಳಲ್ಲಿ ಪರಾಗವೇ ಇರುವುದಿಲ್ಲ. ಗಂಡು ಸಾಲಿನಿಂದ ಅದನ್ನು ಯಾರಾದರೂ ಹೊತ್ತು ತರಬೇಕು. ಮರವೇರುವ ಖರ್ಜೂರದ ರೈತನ ಸಮಸ್ಯೆಯೇ ಇಲ್ಲಿ ನಮ್ಮ ರೈತನ ಹೊಲಕ್ಕೆ ಬಂದಿತ್ತು.

1991: ಬರಿದಾದ ಪೆಟ್ಟಿಗೆಗಳು

ಹೀಗೆ ಜೇನಿನ ನಿಜವಾದ ಬೆಲೆ ತಿಳಿಯತೊಡಗಿದ್ದ ಹೊತ್ತಿನಲ್ಲಿಯೇ ಅನಾಹುತ ಎರಗಿತು. 1976ರಲ್ಲಿ ಥಾಯ್ಲೆಂಡಿನಲ್ಲಿ ಕಂಡಿದ್ದ 'ಥಾಯ್ ಸ್ಯಾಕ್‌ಬ್ರೂಡ್' ಎಂಬ ವೈರಸ್ ರೋಗ 1991-92ರಲ್ಲಿ ಕರ್ನಾಟಕ, ಕೇರಳ, ತಮಿಳುನಾಡುಗಳ ತುಡುವೆಗೆ ತಗುಲಿತು. ರೋಗ ಬಡಿದ ಮರಿ ಕೋಶಾವಸ್ಥೆಗೆ ಹೋಗದೆ, ನೀರು ತುಂಬಿದ ಚೀಲದಂತಾಗಿ ಎರಿಯ ಕಣ್ಣಿನಲ್ಲಿಯೇ ಸಾಯುತ್ತದೆ. ಹೊಸ ಪೀಳಿಗೆ ಹುಟ್ಟದ ಗೂಡು ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ದಕ್ಷಿಣದಲ್ಲಿ ಸಾಕಿದ ತುಡುವೆ ಕುಟುಂಬಗಳ ಪೈಕಿ ಶೇ. 90ರಷ್ಟು ನಾಶವಾದವೆಂದು ಅಂದಾಜು. ತಲೆಮಾರುಗಳಿಂದ ಜೇನು ಸಾಕಿದ ಮನೆಗಳ ಅಟ್ಟಕ್ಕೆ ಖಾಲಿ ಪೆಟ್ಟಿಗೆಗಳು ಏರಿದವು.

ಔಷಧವಿಲ್ಲದ ಈ ರೋಗಕ್ಕೆ ಉತ್ತರ ಬಂದದ್ದು ಗೂಡಿನ ಒಳಗಿನಿಂದಲೇ. ಬದುಕುಳಿದ ಕುಟುಂಬಗಳಲ್ಲಿ ಸಹನಶಕ್ತಿ ಇತ್ತು. ಅವನ್ನು ಗುರುತಿಸಿ, ಅವುಗಳಿಂದಲೇ ಪಾಲು ಮಾಡಿ ಬೆಳೆಸಿದವರ ತೋಟಗಳಲ್ಲಿ ತುಡುವೆ ಮೆಲ್ಲನೆ ಮರಳಿತು. ರೋಗ ಕಂಡ ಗೂಡಿನ ಎರಿಯನ್ನು ಬೇರೆ ಗೂಡಿಗೆ ಕೊಡದಿರುವುದು, ರಾಣಿಯನ್ನು ಕೆಲವು ಕಾಲ ಪಂಜರದಲ್ಲಿಟ್ಟು ಮೊಟ್ಟೆಯಿಡುವುದನ್ನು ತಡೆಯುವುದು, ಕುಟುಂಬವನ್ನು ಬಲವಾಗಿಡುವುದು: ಇವೇ ಇಂದಿಗೂ ಉಪಾಯಗಳು.

1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಗೊಂಡಿದ್ದ ಯುರೋಪಿನ ಮೆಲ್ಲಿಫೆರಾ ಜೇನು ಈ ತೆರವಿನ ಬಳಿಕ ದಕ್ಷಿಣದಲ್ಲಿಯೂ ಹೆಚ್ಚಾಯಿತು. ಬಯಲಿನ ಸೂರ್ಯಕಾಂತಿಗೆ ಅದು ಒಳ್ಳೆಯ ದುಡಿಮೆಗಾರ. ಆದರೆ ಹೂವಿರುವೆಡೆಗೆಲ್ಲ ಅದನ್ನು ಸಾಗಿಸುತ್ತಿರಬೇಕು. ತುಡುವೆ ತಾನೇ ಕೊಡವಿಕೊಳ್ಳಬಲ್ಲ ವರೋವಾ ನುಸಿಗೆ ಅದು ಸುಲಭವಾಗಿ ಸೋಲುತ್ತದೆ. ಸೌದಿ ಅರೇಬಿಯಾದ ಅನುಭವವೂ ಇದಕ್ಕೆ ಹತ್ತಿರವಾದುದೇ. ಅಸೀರ್, ಅಲ್ ಬಾಹಾ, ತಾಯಿಫ್ ಭಾಗದ ಬೆಟ್ಟಗಳಲ್ಲಿ ಟೊಳ್ಳು ದಿಮ್ಮಿಗಳ ಗೂಡುಗಳಲ್ಲಿ ಸಾಕುವ ಸ್ಥಳೀಯ ಜೇನು ಗಾತ್ರದಲ್ಲಿ ಚಿಕ್ಕದು, ಉರಿಬಿಸಿಲನ್ನು ತಾಳಬಲ್ಲುದು. ಹೊರಗಿನಿಂದ ತರಿಸುವ ಜೇನು ಇಲ್ಲಿನ ಬೇಸಗೆಗೆ ಅಷ್ಟು ಚೆನ್ನಾಗಿ ತಡೆಯುವುದಿಲ್ಲ. ನೆಲಕ್ಕೆ ಒಗ್ಗಿದ ತಳಿಯನ್ನು ಕಳೆದುಕೊಳ್ಳಬಾರದೆಂಬುದನ್ನು ಎರಡು ನಾಡುಗಳೂ ಕಲಿತಿವೆ.

ತೋಟಕ್ಕಾಗಿ ಜೇನು

ತುಪ್ಪಕ್ಕಾಗಿ ಸಾಕುವುದಕ್ಕೂ ಬೆಳೆಗಾಗಿ ಸಾಕುವುದಕ್ಕೂ ವ್ಯತ್ಯಾಸವಿದೆ. ಬೆಳೆಗೆ ಬೇಕಾದುದು ಮರಿಗಳು ತುಂಬಿರುವ ಕುಟುಂಬ. ಮರಿಗಳಿಗೆ ಉಣಿಸಲು ನೊಣಗಳು ಹೆಚ್ಚು ಪರಾಗವನ್ನು ತರುತ್ತವೆ. ಪೆಟ್ಟಿಗೆಯನ್ನು ಹೊಲಕ್ಕೆ ಒಯ್ಯಬೇಕಾದುದು ಹೂವು ಅರಳತೊಡಗಿದ ಮೇಲೆ. ಮೊದಲೇ ಒಯ್ದರೆ ನೊಣಗಳು ಬೇರೆ ಹೂವಿಗೆ ರೂಢಿಯಾಗುತ್ತವೆ; ತಡವಾದರೆ ಹೊರಸುತ್ತಿನ ಹೂವು ಕಳೆದಿರುತ್ತದೆ. ಸೂರ್ಯಕಾಂತಿಗೆ ಹೆಕ್ಟೇರಿಗೆ ಸುಮಾರು 5 ಪೆಟ್ಟಿಗೆ ಎಂಬುದು ರೂಢಿಯ ಶಿಫಾರಸು. ಸಾಗಣೆ ರಾತ್ರಿಯಲ್ಲಾಗಬೇಕು, ನೆರಳು, ಹತ್ತಿರದಲ್ಲಿ ನೀರು ಇರಬೇಕು. ಹೂವಿನ ಕಾಲದಲ್ಲಿ ಕೀಟನಾಶಕ ಕೂಡದು. ಅನಿವಾರ್ಯವಾದರೆ ನೊಣಗಳು ಮರಳಿದ ಸಂಜೆಯ ಬಳಿಕ, ಅದೂ ಜೇನುಸಾಕುವವರಿಗೆ ಮುಂಚಿತವಾಗಿ ತಿಳಿಸಿ.

ಏಲಕ್ಕಿಯ ಕಷ್ಟವೇ ಬೇರೆ. ಅದು ಹೂಬಿಡುವುದು ಮಳೆಗಾಲದಲ್ಲಿ. ತುಡುವೆ ಸೊರಗುವುದೂ ಅದೇ ಮಳೆಗಾಲದಲ್ಲಿ. ಬೇಸಗೆಯ ಕಾಫಿ ಹೂವಿನ ತುಪ್ಪವನ್ನೆಲ್ಲ ತೆಗೆದುಕೊಂಡು ಗೂಡನ್ನು ಬರಿದು ಮಾಡಿದವನ ಏಲಕ್ಕಿಗೆ ಆಷಾಢದಲ್ಲಿ ನೊಣವಿರುವುದಿಲ್ಲ. ಒಂದಷ್ಟು ತುಪ್ಪವನ್ನು ಗೂಡಿನಲ್ಲಿಯೇ ಉಳಿಸಿ, ಕೊರತೆಯಾದಾಗ ಸಕ್ಕರೆ ಪಾಕ ಕೊಟ್ಟವನಿಗೆ ಆ ತುಪ್ಪದ ಬೆಲೆ ಏಲಕ್ಕಿಯಾಗಿ ಮರಳುತ್ತದೆ.

ಇವೆಲ್ಲ ದೂರದೂರಿನ ಸಂಗತಿಗಳೆಂದು ನಾವು ತಿಳಿಯಬೇಕಾಗಿಲ್ಲ. ನಮ್ಮ ಸದಸ್ಯರಲ್ಲಿ ಊರಿನಲ್ಲಿ ತೋಟ, ಹೊಲ ಇರುವವರಿದ್ದಾರೆ. ಯಾವ ಮರ ಕಡಿಯಬೇಕು, ಯಾವಾಗ ಔಷಧಿ ಹೊಡೆಸಬೇಕು ಎಂಬ ತೀರ್ಮಾನಗಳು ಯಾನ್ಬುವಿನಿಂದ ಫೋನಿನಲ್ಲಿಯೇ ಆಗುವುದುಂಟು. ಆ ಮಾತುಕತೆಯಲ್ಲಿ ಇನ್ನು ಮುಂದೆ ಎರಡು ಪ್ರಶ್ನೆಗಳು ಸೇರಲಿ: ತೋಟದಲ್ಲಿ ಈಗ ಯಾವ ಹೂವಿದೆ? ನಮ್ಮಲ್ಲಿ ಅಥವಾ ನೆರೆಯವರಲ್ಲಿ ಜೇನುಪೆಟ್ಟಿಗೆ ಇದೆಯೇ? ಅಟ್ಟದಲ್ಲಿ ಅಜ್ಜನ ಕಾಲದ ಹಳೆಯ ಪೆಟ್ಟಿಗೆಯೊಂದು ಉಳಿದಿದ್ದರೆ, ಈ ಬಾರಿಯ ರಜೆಯಲ್ಲಿ ಅದನ್ನು ಕೆಳಗಿಳಿಸಿ ತೊಳೆದು, ಹತ್ತಿರದ ಜೇನು ಸಹಕಾರ ಸಂಘದಲ್ಲಿ ವಿಚಾರಿಸಬಹುದು. ಮಕ್ಕಳಿಗೂ ಅದು ಒಳ್ಳೆಯ ಪಾಠವಾದೀತು.