ನಿಂತ ದೋಣಿಯ ಪೆಟ್ರೋಲ್ ಆವಿ: ಒಂದು ನಿಯಮದ ಇತಿಹಾಸ

ಪೆಟ್ರೋಲ್ ಡಬ್ಬಿಯ ಮುಚ್ಚಳ ತೆರೆದೊಡನೆ ಮೂಗಿಗೆ ಬಡಿಯುವ ವಾಸನೆ ನಮಗೆಲ್ಲ ಪರಿಚಿತ. ಎಂಜಿನ್ ಓಡದಿದ್ದರೂ ಪೆಟ್ರೋಲ್ ಗಾಳಿಗೆ ಸೇರುತ್ತಲೇ ಇರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಅಮೆರಿಕದಲ್ಲಿ ಕಾರುಗಳ ಇಂತಹ ಆವಿಗೆ 1970ರ ದಶಕದ ಆರಂಭದಲ್ಲೇ ಕಡಿವಾಣ ಬಿತ್ತು. ವಿಹಾರ ದೋಣಿಗಳ ಸರದಿ ಬಂದದ್ದು 2008ರಲ್ಲಿ. ಇಷ್ಟು ದೀರ್ಘ ಅಂತರವೇಕೆ?

ಕಥೆಯ ಮೊದಲ ಭಾಗ ಲಾಸ್ ಏಂಜಲೀಸ್‌ನದು. ಸೂರ್ಯನ ಬೆಳಕಿನಲ್ಲಿ ಹೈಡ್ರೋಕಾರ್ಬನ್‌ಗಳೂ ನೈಟ್ರೋಜನ್ ಆಕ್ಸೈಡುಗಳೂ ವರ್ತಿಸಿ ಓಜೋನ್ ಉಂಟಾಗುತ್ತದೆ, ಅದೇ ಅಲ್ಲಿನ ಹೊಗೆಮಂಜಿಗೆ ಮೂಲ ಎಂಬುದನ್ನು ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿದರು. ಹೀಗಾಗಿ ಹೊಗೆಕೊಳವೆಯ ಜೊತೆಗೆ ಇಂಧನ ಟ್ಯಾಂಕಿನ ಮೇಲೂ ಗಮನ ಹರಿಯಿತು. 1970ರ ಮಾದರಿಯ ಕಾರುಗಳಿಗೆ ಕ್ಯಾಲಿಫೋರ್ನಿಯದಲ್ಲಿ, 1971ರಿಂದ ಇಡೀ ದೇಶದಲ್ಲಿ ಆವಿ ನಿಯಂತ್ರಣ ಕಡ್ಡಾಯವಾಯಿತು. ಸಕ್ರಿಯ ಇಂಗಾಲ ತುಂಬಿದ ಡಬ್ಬಿ ಆವಿಯನ್ನು ತನ್ನ ಮೇಲ್ಮೈಯಲ್ಲಿ ಹಿಡಿದಿಡುತ್ತದೆ. ಎಂಜಿನ್ ಓಡಿದಾಗ ಅದನ್ನು ಎಳೆದುಕೊಂಡು ಉರಿಸುತ್ತದೆ.

ದೋಣಿಯ ವಿಷಯದಲ್ಲಿ ಮೊದಲ ಚಿಂತೆ ಬೇರೆಯೇ ಆಗಿತ್ತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಶೇಖರವಾದರೆ ಒಂದು ಕಿಡಿ ಸಾಕು, ಸ್ಫೋಟವೇ ಆದೀತು. 1971ರ ದೋಣಿ ಸುರಕ್ಷಾ ಕಾಯಿದೆಯ ಅಡಿಯಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆ ರೂಪಿಸಿದ ನಿಯಮಗಳು ಈ ಅಪಾಯವನ್ನೇ ಗುರಿಯಾಗಿಸಿದವು. ಟ್ಯಾಂಕಿನ ಆವಿ ದೋಣಿಯೊಳಗೆ ಉಳಿಯದೆ ಹೊರಗೆ ಹೋಗಬೇಕಾಗಿತ್ತು. ಎ1 ದರ್ಜೆಯ ಇಂಧನ ಕೊಳವೆಯ ಗೋಡೆಯ ಮೂಲಕ ದಿನಕ್ಕೆ ಚದರ ಮೀಟರಿಗೆ 100 ಗ್ರಾಂವರೆಗೆ ಇಂಧನ ಸೋರಬಹುದಿತ್ತು. ಪ್ರಯಾಣಿಕರು ಸುರಕ್ಷಿತರಾದರು, ಹೊರಹೋದ ಆವಿಯ ಲೆಕ್ಕ ಮಾತ್ರ ಯಾರದೂ ಆಗಿರಲಿಲ್ಲ.

1990ರ ಶುದ್ಧ ಗಾಳಿ ಕಾಯಿದೆಯ ತಿದ್ದುಪಡಿ ರಸ್ತೆಗಿಳಿಯದ ಎಂಜಿನ್‌ಗಳನ್ನೂ ಪರಿಸರ ಸಂರಕ್ಷಣಾ ಸಂಸ್ಥೆಯ ವ್ಯಾಪ್ತಿಗೆ ತಂದಿತು. 1996ರಲ್ಲಿ ದೋಣಿಯ ಹೊರಜೋಡಣೆ ಎಂಜಿನ್‌ಗಳ ಹೊಗೆಗೆ ಮಿತಿ ವಿಧಿಸಲಾಯಿತು. ಆವಿಯ ಬಗ್ಗೆ 2002ರಲ್ಲಿ ಪ್ರಸ್ತಾಪ ಬಂದರೂ ಅಂತಿಮ ನಿಯಮ ಪ್ರಕಟವಾದದ್ದು 2008ರ ಅಕ್ಟೋಬರಿನಲ್ಲಿ.

ಇಂಧನ ಕಳೆದುಹೋಗುವ ಮೂರು ದಾರಿಗಳನ್ನು ಈ ನಿಯಮ ಗುರುತಿಸಿತು. ಮೊದಲನೆಯದು ಕೊಳವೆಯ ಗೋಡೆ. 2009ರಿಂದ ಇದರ ಮಿತಿ ಚದರ ಮೀಟರಿಗೆ ದಿನಕ್ಕೆ 15 ಗ್ರಾಂ. ಎರಡನೆಯದು ಟ್ಯಾಂಕಿನ ಗೋಡೆ. ಪೆಟ್ರೋಲಿನ ಅಣುಗಳು ಪಾಲಿಎಥಿಲೀನಿನಲ್ಲಿ ಕರಗಿ, ವಿಸರಣದಿಂದ ಹೊರಬರುತ್ತವೆ. 2011-12ರಿಂದ ಇದಕ್ಕೆ ಮಿತಿ 1.5 ಗ್ರಾಂ. ಮೂರನೆಯದು ಟ್ಯಾಂಕಿನ ಉಸಿರಾಟ: ಹಗಲಿನ ಬಿಸಿಗೆ ಆವಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿಯ ತಂಪಿಗೆ ಹೊರಗಿನ ಗಾಳಿ ಒಳಬರುತ್ತದೆ. ಟ್ರೈಲರಿನಲ್ಲಿ ಒಯ್ಯಬಹುದಾದ ದೋಣಿಗೆ ಗ್ಯಾಲನ್‌ಗೆ ದಿನಕ್ಕೆ 0.40 ಗ್ರಾಂ, ನೀರಿನಲ್ಲೇ ಉಳಿಯುವ ದೊಡ್ಡ ದೋಣಿಗೆ 0.16 ಗ್ರಾಂ ಮಿತಿ. ನೀರು ತನ್ನ ಸುತ್ತಲಿನ ತಾಪದ ಏರಿಳಿತವನ್ನು ತಗ್ಗಿಸುವುದೇ ಈ ವ್ಯತ್ಯಾಸಕ್ಕೆ ಕಾರಣ.

ಒಂದು ಸಣ್ಣ ಲೆಕ್ಕ ಮಾಡೋಣ. ಒಳವ್ಯಾಸ 10 ಮಿಲಿಮೀಟರ್, ಉದ್ದ 3 ಮೀಟರ್ ಇರುವ ಕೊಳವೆಯ ಒಳಮೈ ಸುಮಾರು 0.094 ಚದರ ಮೀಟರ್. ಹಳೆಯ ಮಿತಿಯಲ್ಲಿ ದಿನಕ್ಕೆ 9.4 ಗ್ರಾಂ ಸೋರಬಹುದಿತ್ತು, ಹೊಸದರಲ್ಲಿ 1.4 ಗ್ರಾಂ ಮಾತ್ರ. 100 ಲೀಟರ್, ಅಂದರೆ ಸುಮಾರು 26.4 ಗ್ಯಾಲನ್ ಟ್ಯಾಂಕಿನ ಉಸಿರಾಟಕ್ಕೆ ಸಿಗುವ ಮಿತಿ ದಿನಕ್ಕೆ 10.6 ಗ್ರಾಂ.

ಕಾರಿನ ಉಪಾಯವನ್ನು ದೋಣಿಗೆ ಹಾಗೆಯೇ ಜೋಡಿಸುವಂತಿರಲಿಲ್ಲ. ದೋಣಿ ವಾರಗಟ್ಟಲೆ ಸುಮ್ಮನೆ ನಿಂತಿರುತ್ತದೆ. ಇಂಗಾಲದ ಡಬ್ಬಿಯನ್ನು ಖಾಲಿ ಮಾಡಲು ಎಂಜಿನ್ ಓಡುವುದೇ ಇಲ್ಲ. ಪರಿಹಾರ ಟ್ಯಾಂಕಿನ ಉಸಿರಾಟದಲ್ಲೇ ಸಿಕ್ಕಿತು. ರಾತ್ರಿ ಒಳಬರುವ ಗಾಳಿ ಡಬ್ಬಿಯ ಮೂಲಕ ಹಾದು, ಹಗಲು ಸಿಕ್ಕಿಬಿದ್ದ ಆವಿಯ ಒಂದು ಭಾಗವನ್ನು ಟ್ಯಾಂಕಿಗೆ ಮರಳಿ ಒಯ್ಯುತ್ತದೆ. ಎಂಜಿನ್ ಬೇಡ, ಪಂಪೂ ಬೇಡ.

ಹೊಸ ನಿಯಮ ಹಳೆಯ ಸುರಕ್ಷತೆಯನ್ನು ಕೆಡಿಸಬಾರದೆಂಬ ಎಚ್ಚರವೂ ಬೇಕಾಗಿತ್ತು. ಹೊತ್ತೊಯ್ಯುವ ಟ್ಯಾಂಕುಗಳ ಅನುಭವ ಇದನ್ನು ತೋರಿಸಿತು. ಕೊಳವೆ ಕಳಚಿದಾಗ ಇವು ಸುಮಾರು 34.5 ಕಿಲೋಪಾಸ್ಕಲ್ ಒತ್ತಡದವರೆಗೆ ಮುಚ್ಚಿಕೊಂಡೇ ಇರಬೇಕು. ಬಿಸಿಲಿನಲ್ಲಿಟ್ಟರೆ ಅವು ಉಬ್ಬುತ್ತವೆ. ಆ ಸ್ಥಿತಿಯಲ್ಲೇ ಎಂಜಿನ್‌ಗೆ ಜೋಡಿಸಿದರೆ ಒತ್ತಡಕ್ಕೆ ಸಿಲುಕಿದ ಪೆಟ್ರೋಲ್ ಚಿಮ್ಮಬಹುದು. ಮೊದಲು ಮುಚ್ಚಳ ಸಡಿಲಿಸಿ ಒತ್ತಡ ಇಳಿಸಬೇಕೆಂಬ ಸೂಚನೆ, ಇಂಧನವನ್ನು ಬೇಕಾದಾಗ ಮಾತ್ರ ಬಿಡುವ ಕವಾಟ, ಇವೆಲ್ಲ ಬಂದದ್ದು ಈ ಕಾರಣಕ್ಕೆ.

2015ರಲ್ಲಿ ಕ್ಯಾಲಿಫೋರ್ನಿಯ ಇನ್ನೂ ಬಿಗಿಯಾದ ನಿಯಮವನ್ನು ಒಪ್ಪಿ, 2018ರ ಮಾದರಿಯಿಂದ ಜಾರಿಗೆ ತಂದಿತು. ಈ ನಿಯಮಗಳು ಹೊಸ ದೋಣಿಗಳಿಗೆ ಅನ್ವಯ. ಹಳೆಯವು ತಮ್ಮ ಆಯುಷ್ಯ ಮುಗಿಯುವವರೆಗೂ ಆವಿ ಬಿಡುತ್ತವೆ.

ಇಂದು ಆ ದೋಣಿಗಳ ಕೊಳವೆಯ ಮೇಲೆ ‘ಎ1-15’ ಎಂಬ ಗುರುತು ಕಾಣಬಹುದು. ಇದರಲ್ಲಿ ‘ಎ’ ಬೆಂಕಿಯಿಂದ ರಕ್ಷಣೆಯ ದರ್ಜೆ, ‘15’ ಆವಿಯ ಮಿತಿ. ದೋಣಿಯೊಳಗಿನವರ ಸುರಕ್ಷತೆ, ದಡದಲ್ಲಿ ಉಸಿರಾಡುವವರ ಆರೋಗ್ಯ ಇವೆರಡೂ ಒಂದೇ ಕೊಳವೆಯ ಮೇಲೆ ಅಚ್ಚಾಗಲು ಸುಮಾರು ನಾಲ್ಕು ದಶಕಗಳೇ ಬೇಕಾದವು.